ಗೆದ್ದಳು, ಗೆದ್ದಲು

“ಎಷ್ಟು ದಿನ ಕೆಲಸ ಮಾಡಿದ್ದೀರಮ್ಮ?”

“ಹನ್ನೊಂದು ವರ್ಸ ಸ್ವಾಮಿ.”

“ವರ್ಷ ಕೇಳಲಿಲ್ಲ, ದಿನ ಹೇಳಿ.”

“ದಿನಾ ಮಾಡ್ತಿದ್ದೆ.”

ಇದು ಪಾಟಿಸವಾಲು. ಕೋರ್ಟು ಹಾಲಿನಲ್ಲಿ ಕೂತವರೆಲ್ಲ ನಕ್ಕರು. ಅಡುಗೆಯಮ್ಮ ನಗಲಿಲ್ಲ. ತಾನು ಹೇಳಿದ್ದರಲ್ಲಿ ತಮಾಷೆ ಎಲ್ಲಿತ್ತು ಅಂತ ಅವಳಿಗೆ ತಿಳಿಯಲಿಲ್ಲ.

ಅವಳ ಹೆಸರು ಬೇಡ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕರಲ್ಲಿ ಯಾವ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೂ ಅಂಥವಳೊಬ್ಬಳು ಸಿಗುತ್ತಾಳೆ. ಅದಕ್ಕೇ ನಾಲ್ಕೂ ತಾಲ್ಲೂಕಿನ ಮಣ್ಣು ಕಲಸಿ ಅವಳನ್ನು ನಾನೇ ಮಾಡಿಕೊಂಡಿದ್ದೇನೆ. ಒಂದು ಹಾಸ್ಟೆಲಿನಲ್ಲಿ ದಿನಗೂಲಿ ಅಡುಗೆಯವಳು. ತಪಾಸಣೆಗೆ ಬಂದ ದೊಡ್ಡ ಸಾಹೇಬರು “ಊಟ ಹೇಗಿದೆ?” ಅಂದಾಗ ಮಕ್ಕಳು ವಾರ್ಡನ್ ಮುಖ ನೋಡಿ “ಚೆನ್ನಾಗಿದೆ ಸಾರ್” ಅಂದವು. ಈಕೆ ಮಾತ್ರ ಒಲೆಯ ಪಕ್ಕದಿಂದಲೇ “ಬೇಳೆ ಸಾಲಲ್ಲ ಸಾ, ಕೊಟ್ಟಿದ್ದನ್ನ ಎಣಿಸಿ ಹಾಕ್ತೀನಿ” ಅಂದುಬಿಟ್ಟಳು. ಸಾಹೇಬರ ಜೀಪು ಗೇಟು ದಾಟಿದ ಮೇಲೆ ವಾರ್ಡನ್ ಕರೆದು ಹೇಳಿದರು: “ನಾಳೆಯಿಂದ ಬರಬೇಡ ಕಣಮ್ಮ.” ಕಾಗದವಿಲ್ಲ, ಪತ್ರವಿಲ್ಲ. ಬಾಯಲ್ಲಿ ಕೊಟ್ಟ ಕೆಲಸ ಬಾಯಲ್ಲೇ ಹೋಯಿತು.

ಇದಕ್ಕೆ ನಮ್ಮ ಕನ್ನಡದಲ್ಲಿ ಸೇಡು ಅನ್ನುತ್ತಾರೆ. ಆದರೆ ಕಚೇರಿ ಕನ್ನಡದಲ್ಲಿ ಸೇಡು ಎಂಬ ಪದವೇ ಇಲ್ಲ. ಅಲ್ಲಿರುವುದು ‘ಆಡಳಿತಾತ್ಮಕ ಕಾರಣ’, ‘ಸಾರ್ವಜನಿಕ ಹಿತದೃಷ್ಟಿ’. ಎರಡೂ ಸಾಲದಿದ್ದರೆ ‘ಸ್ವಇಚ್ಛೆಯಿಂದ ಗೈರುಹಾಜರಿ’. ನಮ್ಮ ಅಡುಗೆಯಮ್ಮನಿಗೆ ಸಿಕ್ಕಿದ್ದು ಈ ಮೂರನೆಯದು. ಕೋರ್ಟಿಗೆ ಬಂದ ಆಕ್ಷೇಪಣೆಯಲ್ಲಿ “ನಾವು ತೆಗೆದೇ ಇಲ್ಲ, ಅವರೇ ಕೆಲಸ ಬಿಟ್ಟು ಹೋದರು” ಎಂದು ಬರೆದಿತ್ತು. ಬಿಟ್ಟು ಹೋದವಳು ಅದೇ ಕೆಲಸ ಬೇಕು ಅಂತ ತಿಂಗಳಿಗೊಮ್ಮೆ ಬಸ್ಸು ಹತ್ತಿ ಮೈಸೂರಿಗೆ ಏಕೆ ಬರುತ್ತಾಳೆ ಎಂದು ಯಾರೂ ಕೇಳಲಿಲ್ಲ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಕಳೆದು, ಟಿಕೆಟ್ಟಿಗೆ ದುಡ್ಡು ಕೊಟ್ಟು, ಮಧ್ಯಾಹ್ನದವರೆಗೆ ಕಂಬಕ್ಕೊರಗಿ ನಿಂತು, “ಮುಂದಿನ ತಿಂಗಳು ಬನ್ನಿ” ಅನ್ನಿಸಿಕೊಂಡು ಹಿಂತಿರುಗುತ್ತಾಳೆ. ಕೆಲಸಕ್ಕೆ ಗೈರುಹಾಜರಾದವಳು ಅಂತ ದಾಖಲಾದ ಹೆಂಗಸು ಕೋರ್ಟಿಗೆ ಒಂದು ದಿನವೂ ಗೈರುಹಾಜರಾಗಿಲ್ಲ.

ಕಾನೂನಿನಲ್ಲಿ ಇದೆಲ್ಲ ಇಲ್ಲವೇ ಅಂದರೆ, ಇದೆ. ಒಂದು ಕೊರತೆಯೂ ಇಲ್ಲದಂತೆ ಇದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ಐದನೇ ಶೆಡ್ಯೂಲು ಅಂತ ಒಂದು ಬಾಲವಿತ್ತು. ಅದರಲ್ಲಿ ಮಾಲೀಕರು ಮಾಡಬಾರದ ಕೆಲಸಗಳ ಪಟ್ಟಿ. ಬಲಿಪಶು ಮಾಡಿ ಕೆಲಸದಿಂದ ತೆಗೆಯಬಾರದು. ಗೈರುಹಾಜರಿಯ ಸುಳ್ಳು ಆರೋಪ ಹೊರಿಸಿ ತೆಗೆಯಬಾರದು. ದುರುದ್ದೇಶದಿಂದ ವರ್ಗ ಮಾಡಬಾರದು. ಕಾಯಂ ಮಾಡಬೇಕಾಗುತ್ತದೆಂದು ವರ್ಷಗಟ್ಟಲೆ ಬದಲಿ, ಹಂಗಾಮಿ ಅಂತಲೇ ಇಟ್ಟುಕೊಳ್ಳಬಾರದು. ಓದಿದರೆ ಇದನ್ನು ಬರೆದವನು ನಮ್ಮ ತಾಲ್ಲೂಕು ಕಚೇರಿಗಳ ಬೆಂಚಿನ ಮೇಲೆ ಆರು ತಿಂಗಳು ಕೂತು ನೋಡಿ ಬರೆದಿರಬೇಕು ಅನ್ನಿಸುತ್ತದೆ. ಮಾಡಿದರೆ ಆಗ ಇದ್ದ ಶಿಕ್ಷೆ? ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಆ ಮೊಕದ್ದಮೆ ಹೂಡಬೇಕಾದರೆ ದೂರು ಸರ್ಕಾರದಿಂದ ಅಥವಾ ಸರ್ಕಾರದ ಅಪ್ಪಣೆಯಿಂದ ಬರಬೇಕು. ಹಾಸ್ಟೆಲೂ ಸರ್ಕಾರದ್ದೇ ಆದರೆ, ಸರ್ಕಾರವು ಸರ್ಕಾರದ ಮೇಲೆ ದೂರು ಕೊಡಲು ಸರ್ಕಾರದ ಅಪ್ಪಣೆ ಕೇಳಬೇಕು. ಬೇಲಿಯೇ ಎದ್ದು ಹೊಲ ಮೇಯ್ದಿದ್ದಕ್ಕೆ ಬೇಲಿಯ ಹತ್ತಿರವೇ ಸಾಕ್ಷಿ ಕೇಳಿದ ಹಾಗೆ.

ಇನ್ನು 240. ಹಳ್ಳಿ ಕಡೆ 108 ಅಂದರೆ ಆಂಬುಲೆನ್ಸು, 420 ಅಂದರೆ ಪಕ್ಕದ ಮನೆಯವನು. 240 ಅಂದರೆ ಏನು ಅಂತ ಗೊತ್ತಾಗಬೇಕಾದರೆ ಕೆಲಸ ಕಳೆದುಕೊಳ್ಳಬೇಕು. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ ಕೊಡದೆ ಮನೆಗೆ ಕಳಿಸುವಂತಿಲ್ಲ. ಒಳ್ಳೆಯ ಕಾನೂನು. ಎಷ್ಟು ಒಳ್ಳೆಯದೆಂದರೆ, ಅದನ್ನು ಕಾರ್ಮಿಕರಿಗಿಂತ ಚೆನ್ನಾಗಿ ಮಾಲೀಕರು ಓದಿಕೊಂಡಿದ್ದಾರೆ. ಅದಕ್ಕೇ ಎಷ್ಟೋ ಕಡೆ 239ನೇ ದಿನ ಕೆಲಸಗಾರನಿಗೆ ವಿಶ್ರಾಂತಿ ಸಿಗುತ್ತದೆ. “ಒಂದ್ ವಾರ ಮನೇಲಿರು, ಆಮೇಲೆ ಬಾ” ಅನ್ನುತ್ತಾರೆ. ಮಾಲೀಕರಿಗೆ ಆಳಿನ ಆರೋಗ್ಯದ ಮೇಲೆ ಕಾಳಜಿ ಬರುವುದು ವರ್ಷದಲ್ಲಿ ಆ ಒಂದೇ ದಿನ.

ಸರಿ, 240 ದಿನ ಮಾಡಿದ್ದೇನೆ ಅಂತ ಯಾರು ತೋರಿಸಬೇಕು? ಈ ಪ್ರಶ್ನೆಗೆ ಸುಪ್ರೀಂ ಕೋರ್ಟು 2002ರಲ್ಲಿ ಉತ್ತರ ಕೊಟ್ಟಿದ್ದು ನಮ್ಮ ರಾಜ್ಯದ ಅರಣ್ಯ ಇಲಾಖೆಯದೇ ಒಂದು ಪ್ರಕರಣದಲ್ಲಿ: ವಲಯ ಅರಣ್ಯಾಧಿಕಾರಿ ಒಂದು ಕಡೆ, ದಿನಗೂಲಿಯೊಬ್ಬ ಇನ್ನೊಂದು ಕಡೆ. ಮಾಡಿದ್ದೇನೆ ಅನ್ನುವವನೇ ರುಜುವಾತು ಮಾಡಬೇಕು. ತಾನೇ ಬರೆದುಕೊಂಡ ಅಫಿಡವಿಟ್ಟು ಸಾಲದು ಎಂದಿತು. ತರ್ಕ ಸರಿಯೇ ಇದೆ. ಆದರೆ ಹಾಜರಿ ಪುಸ್ತಕ ಯಾರ ಬೀರುವಿನಲ್ಲಿದೆ?

ಅಡುಗೆಯಮ್ಮನ ತಮ್ಮ ಕೋಟೆ ಕಡೆ ಕಾಡಿನಲ್ಲಿ ದಿನಗೂಲಿ ವಾಚರ್. ಹುಲಿ ಗಣತಿಗೆ ಮರಕ್ಕೆ ಕ್ಯಾಮೆರಾ ಕಟ್ಟುವವನು ಅವನೇ. ನಾಗರಹೊಳೆಯ ಹುಲಿ ಯಾವ ರಾತ್ರಿ, ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಹೋಯಿತು ಎಂಬುದಕ್ಕೆ ಫೋಟೊ ಇದೆ. ಪಟ್ಟೆ ನೋಡಿ ಇದು ಇಂಥದೇ ಹುಲಿ ಅಂತ ಹೇಳುತ್ತಾರೆ. ಕ್ಯಾಮೆರಾ ಕಟ್ಟಿದವನು ಅವತ್ತು ಕೆಲಸಕ್ಕೆ ಬಂದಿದ್ದ ಎಂಬುದಕ್ಕೆ ಮಾತ್ರ ದಾಖಲೆ ಇಲ್ಲ. ಅದೇ ಕ್ಯಾಮೆರಾದಲ್ಲಿ ಹುಲಿಯ ಹಿಂದೆ ಮುಂದೆ ಅವನ ಫೋಟೊವೂ ಬಿದ್ದಿರುತ್ತದೆ. ಆದರೆ ಅವನ ಮೈಮೇಲೆ ಪಟ್ಟೆ ಇಲ್ಲವಲ್ಲ, ಗುರುತಿಸುವುದು ಹೇಗೆ?

ಸುಪ್ರೀಂ ಕೋರ್ಟಿಗೂ ಈ ಇಕ್ಕಟ್ಟು ಕಾಣದೆ ಇರಲಿಲ್ಲ. 2005ರ ನವೆಂಬರ್‌ನಲ್ಲಿ, ಮತ್ತೆ ಕರ್ನಾಟಕದ್ದೇ ಒಂದು ದಿನಗೂಲಿ ಪ್ರಕರಣದಲ್ಲಿ, ಸ್ವಲ್ಪ ಸಡಿಲ ಮಾಡಿತು. ದಿನಗೂಲಿಗಳಿಗೆ ನೇಮಕದ ಪತ್ರವಿರುವುದಿಲ್ಲ, ಸಂಬಳದ ಚೀಟಿ ಇರುವುದಿಲ್ಲ. ಅವನು ಕಟಕಟೆ ಹತ್ತಿ ಹೇಳಲಿ, ಮಸ್ಟರ್ ರೋಲು ಹಾಜರುಪಡಿಸಿ ಅಂತ ಕೇಳಲಿ ಎಂದಿತು. ಅಡುಗೆಯಮ್ಮನ ವಕೀಲರು ಅದನ್ನೇ ಹಿಡಿದು ಹಾಜರಿ ಪುಸ್ತಕ ತರಿಸಿ ಎಂದು ಅರ್ಜಿ ಹಾಕಿದರು. ಮೂರು ವಾಯಿದೆ ಕಳೆದ ಮೇಲೆ ಕಚೇರಿಯಿಂದ ಉತ್ತರ ಬಂತು: “ಸದರಿ ಅವಧಿಯ ಹಾಜರಿ ಪುಸ್ತಕಗಳನ್ನು ಗೆದ್ದಲು ತಿಂದಿರುವುದರಿಂದ ಕಡತ ಲಭ್ಯವಿರುವುದಿಲ್ಲ.”

ನಮ್ಮ ಕಚೇರಿಗಳ ಗೆದ್ದಲು ಸಾಮಾನ್ಯ ಹುಳುವಲ್ಲ. ಅದಕ್ಕೆ ಕಾನೂನು ಗೊತ್ತು. ಬಾಗಿಲು, ಕಿಟಕಿ, ತೊಲೆ, ವಾರ್ಡನ್ ಕುರ್ಚಿ ಯಾವುದನ್ನೂ ಮುಟ್ಟದೆ, ಬೀರುವಿನ ಮೂರನೇ ಅಂಕಣದಲ್ಲಿ, ವಿವಾದಿತ ಅವಧಿಯ ಪುಟಗಳನ್ನು ಮಾತ್ರ ಆರಿಸಿ ತಿನ್ನುತ್ತದೆ.

ಈ ಹೆಂಗಸಿನ ಬಂಧುಬಳಗವನ್ನು ಒಂದು ಸುತ್ತು ನೋಡಿಬಿಟ್ಟರೆ ನಾಲ್ಕು ತಾಲ್ಲೂಕಿನ ಉದ್ಯೋಗ ಪುರಾಣ ಮುಗಿಯುತ್ತದೆ. ಭಾವ ಕೆ.ಆರ್. ನಗರ ಡಿಪೋದಲ್ಲಿ ಕಂಡಕ್ಟರ್. 2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಬಸ್ಸು ನಿಲ್ಲಿಸಿದಾಗ ರಾಜ್ಯದ ತುಂಬ ಅಮಾನತು, ವಜಾ, ವರ್ಗಾವಣೆಯ ಆದೇಶಗಳು ಬಸ್ಸಿಗಿಂತ ಬೇಗ ಓಡಾಡಿದವು. ವಜಾ ಮಾಡಿದರೆ ಕೋರ್ಟಿನಲ್ಲಿ ಕಾರಣ ಹೇಳಬೇಕು. ವರ್ಗಕ್ಕೆ ಆ ತಾಪತ್ರಯವಿಲ್ಲ. ಭಾವನಿಗೂ ವರ್ಗವಾಯಿತು: ಹೆಂಡತಿಯ ಡಯಾಲಿಸಿಸ್ ಮೈಸೂರಿನಲ್ಲಿ, ಡ್ಯೂಟಿ ನೂರಾರು ಕಿಲೋಮೀಟರ್ ಆಚೆ. ಸೇವಾ ನಿಯಮದ ಲೆಕ್ಕದಲ್ಲಿ ವರ್ಗಾವಣೆ ಶಿಕ್ಷೆಯೇ ಅಲ್ಲ. ನಿಯಮ ಬರೆದವರನ್ನು ಯಾರೂ ವರ್ಗ ಮಾಡಿರಲಿಲ್ಲ ಅಂತ ಕಾಣುತ್ತದೆ.

ತಂಗಿ ಪಿರಿಯಾಪಟ್ಟಣದ ಕಡೆ ಅಂಗನವಾಡಿ ಕಾರ್ಯಕರ್ತೆ. ಅಂಗನವಾಡಿಯ ಈ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೊದಲು ಕಾಲಿಟ್ಟಿದ್ದು ನಮ್ಮ ಜಿಲ್ಲೆಯದೇ ತಿ. ನರಸೀಪುರದಲ್ಲಿ. ಐವತ್ತು ವರ್ಷ ದಾಟಿತು. ಮಕ್ಕಳ ತೂಕ, ಬಸುರಿಯರ ಲೆಕ್ಕ, ಪೋಲಿಯೊ ಹನಿ, ಚುನಾವಣೆ, ಗಣತಿ ಎಲ್ಲಕ್ಕೂ ಇವಳೇ. ಆದರೆ ಇವಳಿಗೆ ಸಂಬಳವಿಲ್ಲ, ಇರುವುದು ‘ಗೌರವಧನ’. ಇವರದು ಸಿವಿಲ್ ಹುದ್ದೆಯಲ್ಲ, ಆಡಳಿತ ನ್ಯಾಯಮಂಡಳಿಗೆ ಹೋಗುವಂತಿಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಕರ್ನಾಟಕದ ಪ್ರಕರಣದಲ್ಲೇ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಇವರಿಗೂ ಗ್ರಾಚ್ಯುಟಿ ಉಂಟು ಎಂದಿತು. ಅಂದರೆ ಕೆಲಸ ಮಾಡುವಾಗ ಇವಳು ನೌಕರಳಲ್ಲ, ಬಿಟ್ಟು ಹೋಗುವಾಗ ನೌಕರಳು. ನಮ್ಮಲ್ಲಿ ಮನುಷ್ಯರಿಗೆ ಸತ್ತ ಮೇಲೆ ಗೌರವ ಸಿಗುವ ಹಾಗೆ.

ಅವಳ ಮೇಲ್ವಿಚಾರಕನೊಬ್ಬ ಮೀಟಿಂಗ್ ನೆಪದಲ್ಲಿ ಹೊತ್ತಲ್ಲದ ಹೊತ್ತಿಗೆ ಫೋನು ಮಾಡುತ್ತಾನೆ ಅನ್ನಿ. ಅದಕ್ಕೂ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಜಿಲ್ಲೆಗೊಂದು ಸ್ಥಳೀಯ ಸಮಿತಿ. ಪ್ರತಿ ತಾಲ್ಲೂಕಿಗೂ ಒಬ್ಬ ನೋಡಲ್ ಅಧಿಕಾರಿ. ಆತ ದೂರು ಪಡೆದು ಏಳು ದಿನದಲ್ಲಿ ಸಮಿತಿಗೆ ಕಳಿಸಬೇಕು. ಇಷ್ಟೂ ಕಾಯ್ದೆಯಲ್ಲೇ ಇದೆ. ಇದನ್ನು ಓದುತ್ತಿರುವ ನಿಮಗೆ ನಿಮ್ಮ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು ಅಂತ ಗೊತ್ತೆ? ತಾಲ್ಲೂಕು ಕಚೇರಿಗೆ ಹೋಗಿ ಕೇಳಿ ನೋಡಿ. ಆ ಅಧಿಕಾರಿಗೂ ಅವತ್ತೇ ಗೊತ್ತಾದರೆ ಆಶ್ಚರ್ಯಪಡಬೇಡಿ. ದೂರು ಕೊಡಲು ಗಡುವು ಮೂರು ತಿಂಗಳು. ಕಚೇರಿಯ ಬಾಗಿಲು ಯಾವುದು ಎಂದು ತಿಳಿಯುವಷ್ಟರಲ್ಲಿ ಅದು ಮುಗಿದಿರುತ್ತದೆ.

ಇನ್ನು ಅಡುಗೆಯಮ್ಮನೇ. ಕೇಸು ನಡೆಯುವವರೆಗೂ ಹೊಟ್ಟೆ ಕೇಳಬೇಕಲ್ಲ? ಹುಣಸೂರು ಕಡೆ ಹೊಗೆಸೊಪ್ಪಿನ ಕೆಲಸಕ್ಕೆ ಹೋದಳು. ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪನ್ನು ಬಣ್ಣ, ಉದ್ದ, ಕಲೆ ನೋಡಿ ಬೇರೆ ಮಾಡುವ ಕೆಲಸ. ಒಂದು ಎಲೆಗೆ ಎಷ್ಟು ಗ್ರೇಡು! ಕಟ್ಟೆಮಳಲವಾಡಿ ಹರಾಜು ಕಟ್ಟೆಗೆ ಹೋಗುವಷ್ಟರಲ್ಲಿ ಸೊಪ್ಪಿನ ಜಾತಕವೇ ತಯಾರಾಗಿರುತ್ತದೆ. ಅದನ್ನು ಬೇರೆ ಮಾಡುವ ಕೈಗಳಿಗೆ ಮಾತ್ರ ಎರಡೇ ಗ್ರೇಡು: ಗಂಡಾಳು, ಹೆಣ್ಣಾಳು. ಎರಡಕ್ಕೂ ಬೇರೆ ಬೇರೆ ಕೂಲಿ. 1976ರಲ್ಲೇ ಸಮಾನ ವೇತನ ಕಾಯ್ದೆ ಬಂದಿದೆಯಲ್ಲ ಅಂತ ನಾನು ಒಬ್ಬ ಬೇಸಾಯಗಾರರನ್ನು ಕೇಳಿದೆ. “ಕಾಯ್ದೆ ಸರಿ ಸಾರ್, ಗಂಡಾಳು ಮೂಟೆ ಹೊರ್ತಾನಲ್ಲ” ಅಂದರು. ಮೂಟೆ ಹೊರದ ಗಂಡಾಳಿಗೆ? “ಅವನೂ ಗಂಡಾಳೇ ಅಲ್ವ?” ಅಂದರು. ಈ ವಾದ ಯಾವ ಕೋರ್ಟಿನಲ್ಲೂ ಸೋತಿಲ್ಲ. ಯಾಕೆಂದರೆ ಯಾವ ಕೋರ್ಟಿಗೂ ಅದು ಹೋಗಿಲ್ಲ. ಐವತ್ತು ರೂಪಾಯಿ ಕಡಿಮೆ ಕೂಲಿಗೆ ಮೈಸೂರಿಗೆ ಬಸ್ಸು ಹತ್ತಿ ಕೇಸು ಹಾಕುವ ಹೆಣ್ಣಾಳಿಗೆ ನಾಳೆ ಯಾರ ಬ್ಯಾರನ್ ಹತ್ತಿರವೂ ಕೆಲಸವಿಲ್ಲ. ಜೀತ ಬಿಡಿಸಲು ಹೊರಟ ದೇವರಾಜ ಅರಸರ ತಾಲ್ಲೂಕು ಇದು. ಅಂದಹಾಗೆ, ಹಳಗನ್ನಡದಲ್ಲಿ ಜೀತ ಅಂದರೆ ಸಂಬಳ ಅಂತಲೇ ಅರ್ಥ. ಭಾಷೆ ನಮಗಿಂತ ಮೊದಲೇ ತಿಳಿದುಕೊಂಡಿತ್ತು.

ಕೂಲಿಯವರ ಪಾಡು ಇದು, ದೊಡ್ಡವರಿಗೆ ಹೀಗಾಗಲಿಕ್ಕಿಲ್ಲ ಅಂದುಕೊಂಡರೆ, ಹುಣಸೂರಿನಿಂದ ಗೋಣಿಕೊಪ್ಪದ ದಾರಿ ಹಿಡಿದು ವಿರಾಜಪೇಟೆಗೆ ಹೋಗಿ. ಅಲ್ಲಿಯವರು ಸಿ.ಬಿ. ಮುತ್ತಮ್ಮ, ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಹೆಂಗಸು ಮದುವೆಯಾಗಬೇಕಾದರೆ ಸರ್ಕಾರದ ಅಪ್ಪಣೆ ಬೇಕಿತ್ತು. ಸಂಸಾರದಿಂದ ಕೆಲಸ ಕೆಡುತ್ತದೆ ಅನ್ನಿಸಿದರೆ ರಾಜೀನಾಮೆ ಕೇಳುವ ಹಕ್ಕು ಸರ್ಕಾರಕ್ಕಿತ್ತು. ಗಂಡಸರ ಸಂಸಾರದಿಂದ ದೇಶಕ್ಕೆ ಅಪಾಯವಿರಲಿಲ್ಲ ಅಂತ ಕಾಣುತ್ತದೆ. ಬಡ್ತಿ ತಪ್ಪಿಸಿದಾಗ ಆಕೆ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರಕ್ಕೆ ಜ್ಞಾನೋದಯವಾಗಿ ಬಡ್ತಿ ಕೊಟ್ಟುಬಿಟ್ಟಿತು. ಸರಿ, 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ನಿಯಮಗಳನ್ನು ಉಗಿದು ಉಪ್ಪಿನಕಾಯಿ ಹಾಕಿ, ಕೊನೆಯಲ್ಲಿ ಅರ್ಜಿಯನ್ನು ವಜಾ ಮಾಡಿದರು. ತಾರತಮ್ಯದ ವಿರುದ್ಧ ನಮ್ಮ ದೇಶದ ಪ್ರಸಿದ್ಧ ಗೆಲುವುಗಳಲ್ಲೊಂದು ದಾಖಲೆಯಲ್ಲಿ ‘ವಜಾ’ ಅಂತಲೇ ಇದೆ.

ಅದೇ ಕೃಷ್ಣ ಅಯ್ಯರ್ ಅದಕ್ಕೂ ಹಿಂದಿನ ವರ್ಷ, 1978ರ ಫೆಬ್ರವರಿಯಲ್ಲಿ, ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ‘ಉದ್ಯಮ’ ಎಂಬ ಪದಕ್ಕೆ ಊರಗಲದ ಅರ್ಥ ಕೊಟ್ಟಿದ್ದರು. ಆದರೂ ಅಡುಗೆಯಮ್ಮನ ಕೇಸಿನಲ್ಲಿ ಕಚೇರಿಯ ಮೊದಲ ಆಕ್ಷೇಪಣೆ ಏನು? “ನಾವು ಉದ್ಯಮವೇ ಅಲ್ಲ.” ಎರಡನೆಯದು “ಆಕೆ ನಮ್ಮ ನೌಕರಳೇ ಅಲ್ಲ.” ಮೂರನೆಯದು “ನೌಕರಳಾಗಿದ್ದರೂ 240 ದಿನ ಮಾಡಿಲ್ಲ.” ನಾಲ್ಕನೆಯದು “ಮಾಡಿದ್ದರೂ ತಾನೇ ಬಿಟ್ಟು ಹೋದಳು.” ಮಡಕೆ ಕೇಳಲು ಬಂದ ನೆರೆಯವಳಿಗೆ “ನಾನು ಇಸ್ಕೊಂಡೇ ಇಲ್ಲ, ಇಸ್ಕೊಂಡಾಗಲೇ ಒಡೆದಿತ್ತು, ನಿನ್ನೆಯೇ ವಾಪಸ್ ಕೊಟ್ಟೆನಲ್ಲ” ಅನ್ನುವ ಹಾಗೆ. ಜಗಲಿಯಲ್ಲಿ ಹೇಳಿದರೆ ಇದು ಸುಳ್ಳು. ಕೋರ್ಟಿನಲ್ಲಿ ಹೇಳಿದರೆ ‘ಪರ್ಯಾಯ ವಾದ’.

ಐದನೇ ಅಸ್ತ್ರ ಉಮಾದೇವಿ. ಉಮಾದೇವಿ ಅಂದರೆ ದೇವಿಯಲ್ಲ, 2006ರ ಏಪ್ರಿಲ್ 10ರ ತೀರ್ಪು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರಲ್ಲಿ ದಿನಗೂಲಿಗೆ ಸೇರಿದವರು ಕಾಯಂ ಮಾಡಿ ಎಂದು ಕೇಳಿದ್ದರು. ಐವರು ನ್ಯಾಯಮೂರ್ತಿಗಳ ಪೀಠ ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಮೀರಿ ದುಡಿದವರನ್ನು ಒಂದು ಸಲಕ್ಕೆ ಪರಿಗಣಿಸಿ ಎಂದೂ ಅದೇ ತೀರ್ಪು ಹೇಳಿತ್ತು. ಕಚೇರಿಗಳು ಮೊದಲ ಮಾತನ್ನು ಫ್ರೇಮು ಹಾಕಿಸಿದವು, ಎರಡನೆಯದನ್ನು ಗೆದ್ದಲಿಗೆ ಬಿಟ್ಟವು. ಹಿಂಬಾಗಿಲು ತೆಗೆದವರು ಯಾರು, ಆ ಬಾಗಿಲಲ್ಲಿ ಇಪ್ಪತ್ತು ವರ್ಷ ಕಸ ಗುಡಿಸಿಸಿಕೊಂಡವರು ಯಾರು ಎಂಬ ವಿಚಾರಣೆ ಆಗಲಿಲ್ಲ. ಕೊನೆಗೆ 2024ರ ಡಿಸೆಂಬರ್ 20ರಂದು, ಕೇಂದ್ರ ಜಲ ಆಯೋಗದ ಕಸಗುಡಿಸುವವರ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧ ಮಾಡಿಕೊಳ್ಳಲಾಗಿದೆ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಹದಿನೆಂಟು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟು ಜನರ ಕೈಯಲ್ಲಿದ್ದ ಪೊರಕೆ ಸವೆದು ಹೋಯಿತೋ.

ಈಗಂತೂ 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಮಾಡಬಾರದ ಕೆಲಸಗಳ ಪಟ್ಟಿ ಐದನೇ ಶೆಡ್ಯೂಲಿನಿಂದ ಎರಡನೇ ಶೆಡ್ಯೂಲಿಗೆ ಬಡ್ತಿ ಪಡೆದಿದೆ. ಕಾರ್ಮಿಕರಿಗಿಂತ ಮೊದಲು ಪಟ್ಟಿಗಾದರೂ ಬಡ್ತಿ ಸಿಕ್ಕಿತು. ಮೊದಲ ಸಲದ ತಪ್ಪಿಗೆ ದಂಡ ಎರಡು ಲಕ್ಷದವರೆಗೆ ಏರಿದೆ, ಜೈಲು ಹೋಗಿದೆ. ಕೆಲಸ ಕಳೆದುಕೊಂಡವನು ವಿವಾದ ಎತ್ತಲು ಮೂರು ವರ್ಷವಿದ್ದ ಗಡುವು ಎರಡಕ್ಕೆ ಇಳಿದಿದೆ. ತೀರ್ಪು ಕೊಡುವುದಕ್ಕೆ ಸಮಯ ಜಾಸ್ತಿ ಬೇಕಾದ್ದರಿಂದ, ನ್ಯಾಯ ಕೇಳುವವರ ಸಮಯದಲ್ಲಿ ಸ್ವಲ್ಪ ಉಳಿತಾಯ ಮಾಡಿರಬಹುದು.

ಮತ್ತೆ ಅಡುಗೆಯಮ್ಮನ ಹತ್ತಿರ ಬರೋಣ. ಹಾಜರಿ ಗೆದ್ದಲಿನ ಹೊಟ್ಟೆ ಸೇರಿದ ಮೇಲೆ ವಕೀಲರು ಕೈಚೆಲ್ಲಿ, “ನೀನು ಕೆಲಸ ಮಾಡಿದ್ದಕ್ಕೆ ಏನಾದ್ರೂ ಇದ್ಯೇನಮ್ಮ?” ಅಂದರು. ಎರಡೂ ಕೈ ಮುಂದೆ ಚಾಚಿದಳು. ಮೊಣಕೈವರೆಗೆ ಸಾಂಬಾರು ಹಾರಿ ಸುಟ್ಟ ಕಲೆ. “ಇದಕ್ಕೆ ಸೀಲು ಇಲ್ಲಮ್ಮ” ಅಂದರು. ಸ್ವಲ್ಪ ಹೊತ್ತು ಯೋಚಿಸಿ ಅವಳು ಹೇಳಿದಳು: “ಹಾಲಿನಪ್ಪನ ಬುಕ್ಕೈತೆ.”

ಹಾಸ್ಟೆಲಿಗೆ ದಿನಾ ಬೆಳಗ್ಗೆ ಹಾಲು ಹಾಕುತ್ತಿದ್ದವನ ನೋಟುಪುಸ್ತಕ. ಹಾಲು ಹಾಕಿಸಿಕೊಂಡವರು ಸಹಿ ಮಾಡಬೇಕು. ಬೆಲ್ಲದ ಅಂಟು, ಹಾಲಿನ ಕಲೆ, ಅದರ ನಡುವೆ ಅವಳ ಸೊಟ್ಟ ಸಹಿ, ದಿನಾ. ವಕೀಲರು ರಾತ್ರಿ ಕೂತು ಎಣಿಸಿದರು. ಕೊನೆಯ ಹನ್ನೆರಡು ತಿಂಗಳಲ್ಲಿ 311. ಸರ್ಕಾರದ ಪುಸ್ತಕ ಉಳಿಸಿಕೊಳ್ಳಲಾಗದ ಸತ್ಯವನ್ನು ಎಮ್ಮೆ ಸಾಕಿದವನು ಗೋಡೆಯ ಗೂಡಿನಲ್ಲಿ ಉಳಿಸಿಕೊಂಡಿದ್ದ. ಕಾಸು ಬರಬೇಕಾದವನು ಲೆಕ್ಕ ಬರೆದಿಡುತ್ತಾನೆ. ಕೊಡಬೇಕಾದವನು ಗೆದ್ದಲು ಸಾಕುತ್ತಾನೆ.

ನ್ಯಾಯಾಧೀಶರು ಓದಿ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ, ಹಿಂಬಾಕಿ ಸಂಬಳದ ಕಾಲು ಭಾಗ ಕೊಡಿ ಎಂದು ಆದೇಶ ಮಾಡಿದರು. ಅಡುಗೆಯಮ್ಮ ಗೆದ್ದಳು. ಕಚೇರಿ ಹೈಕೋರ್ಟಿಗೆ ಹೋಯಿತು, ತಡೆಯಾಜ್ಞೆ ತಂದಿತು. ತಡೆ ಇರುವಷ್ಟು ಕಾಲ ಕೊನೆಯಲ್ಲಿ ಪಡೆದ ಸಂಬಳದ ದರದಲ್ಲಿ ಕೊಡಬೇಕು ಎಂಬ ಕಲಮು 1947ರ ಕಾಯ್ದೆಯಲ್ಲಿತ್ತು, 17ಬಿ. ಕೊನೆಯ ಸಂಬಳ ಅಂದರೆ ಅಷ್ಟು ವರ್ಷದ ಹಿಂದಿನದು. ಅದಕ್ಕೂ ತಾನು ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಅಫಿಡವಿಟ್ಟು ಹಾಕಬೇಕಿತ್ತು. ಹೊಗೆಸೊಪ್ಪಿನ ಅಂಟು ಉಗುರಿನಿಂದ ಹೋಗಿರಲಿಲ್ಲ. ಅವಳು ಸಹಿ ಹಾಕಲಿಲ್ಲ. ಸುಳ್ಳು ಹೇಳಲು ಹೆದರಿದವಳು ಆ ಕೇಸಿನ ಇಡೀ ಕಡತದಲ್ಲಿ ಅವಳೊಬ್ಬಳೇ. ಹೈಕೋರ್ಟಿನಲ್ಲೂ ಗೆದ್ದಳು. ಗೆದ್ದವನು ಸೋತ, ಸೋತವನು ಸತ್ತ ಅಂತ ಕೋರ್ಟು ಕಟ್ಟೆ ಹತ್ತಿದವರಿಗೆ ನಮ್ಮ ಹಿರಿಯರು ಹೇಳಿಟ್ಟಿದ್ದರು. ಗೆದ್ದವಳ ಗತಿ ಏನು ಅಂತ ಹೇಳಲು ಮರೆತಿದ್ದರು.

ಆದೇಶದ ಪ್ರತಿ ಸೆರಗಿನಲ್ಲಿ ಕಟ್ಟಿಕೊಂಡು ಹಾಸ್ಟೆಲಿಗೆ ಹೋದಳು. ವಾರ್ಡನ್ ಬದಲಾಗಿದ್ದರು. ಹೊಸಬರು ಒಳ್ಳೆಯವರು, ಕುರ್ಚಿ ಕೊಟ್ಟರು, ಟೀ ತರಿಸಿದರು. ಆದೇಶ ಎರಡು ಸಲ ಓದಿ, ಬೀರು ತೆಗೆದು, ಹಳೆಯ ಪುಸ್ತಕವೊಂದರ ಧೂಳು ಕೊಡವಿ, ಬೆರಳಿಟ್ಟು ನೋಡಿದರು.

“ನಿಮ್ಮನ್ನ ತಗೋಬೇಕಮ್ಮ, ಕೋರ್ಟು ಹೇಳಿದೆ. ಆದ್ರೆ ಹೋದ ತಿಂಗಳಿಗೆ ನಿಮಗೆ ಅರವತ್ತು ಆಗೋಯ್ತಲ್ಲ?”

“ಅರವತ್ತು ಅಂತ ನಿಮಗೆಂಗ್ ಗೊತ್ತಾಯ್ತು ಸಾ?”

“ಇಲ್ಲೇ ಇದೆಯಲ್ಲಮ್ಮ, ಮೊದಲನೇ ಪುಟದಲ್ಲಿ. ನಿಮ್ಮ ಹೆಸರು, ಹುಟ್ಟಿದ ತಾರೀಖು, ಸೇರಿದ ದಿನ.”

ಆ ಪುಟವನ್ನು ಗೆದ್ದಲು ಮುಟ್ಟಿರಲಿಲ್ಲ.